ಇಪ್ಪತ್ತೈದು ಗಜ

ಟೀಟನ್ ಬೆಂಚ್, ಐಡಹೊ
ಮಾರ್ಚ್ 3, 1996

ಪ್ರೀತಿಯ ಲೊವೆಲ್ ಅಣ್ಣನಿಗೆ,

ಇಲ್ಲಿಗೆ ಬಂದು ಐದು ತಿಂಗಳಾಯಿತು. ಆಲೂಗಡ್ಡೆ ಗೋದಾಮಿನ ಕೆಲಸ ಪರವಾಗಿಲ್ಲ, ಬಾಡಿಗೆ ಮನೆ ಬೆಚ್ಚಗಿದೆ, ಒಲೆ ಮಾತ್ರ ಒಂದು ಕಡೆ ಹೊತ್ತಿದರೆ ಇನ್ನೊಂದು ಕಡೆ ಹೊತ್ತುವುದಿಲ್ಲ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಈಗ ನನ್ನ ಸಿಟ್ಟಿನ ವಿಷಯ ಹೇಳುತ್ತೇನೆ.

ಇಲ್ಲಿನ ಪಿಸ್ತೂಲು ಕ್ಲಬ್ಬಿಗೆ ಸೇರಿಕೊಂಡೆ. ಪಂದ್ಯ ನಡೆಸುವವಳು ಕ್ಲೀತಾ ರಾಸ್ಮುಸ್ಸೆನ್ ಅಂತ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮೊದಲ ದಿನ ನನ್ನ ದರ್ಜೆಯ ಕಾರ್ಡು ನೋಡಿ ‘ಮಾಸ್ಟರ್’ ಅಂತ ಜೋರಾಗಿ ಓದಿದಳು. ಈ ಕ್ಲಬ್ಬಿನಲ್ಲಿ ಒಬ್ಬ ಮಾಸ್ಟರೂ ಇಲ್ಲ. ಗುರಿಹಲಗೆಯ ತೂತುಗಳಿಗೆ ಅಂಟುಪಟ್ಟಿ ಹಚ್ಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. ಆ ದಿನ ದರ್ಜೆ ಸುತ್ತಿನಲ್ಲಿ ನನಗೆ ಬಂದದ್ದು ನೂರಕ್ಕೆ ಐವತ್ತೆಂಟು. ಆಮೇಲಿನ ತಿಂಗಳು ಅರವತ್ತೊಂದು. ಕಳೆದ ಭಾನುವಾರ ಐವತ್ತೈದು.

ಆರು ವರ್ಷದ ಹಿಂದೆ ನೀನೇ ನನ್ನನ್ನು ಅಡುಗೆಮನೆ ಮೇಜಿಗೆ ಕೂರಿಸಿ ಹೇಳಿಕೊಟ್ಟದ್ದು. ದರ್ಜೆ ಸುತ್ತು ಅಂದರೆ ದೇಶದ ಎಲ್ಲ ಕ್ಲಬ್ಬುಗಳಲ್ಲೂ ಒಂದೇ ನಕ್ಷೆ, ಒಂದೇ ದೂರ. ಗುರಿಯಲ್ಲಿ ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸು. ಬಂದದ್ದನ್ನು ದೇಶದಲ್ಲೇ ಅತಿ ಚೆನ್ನಾಗಿ ಹೊಡೆದವರದರ ಪಕ್ಕ ಇಡು. ಅವರದು ನೂರಾದರೆ ನಿನ್ನದೆಷ್ಟು? ನಲವತ್ತು ದಾಟಿದರೆ ಸಿ, ಅರವತ್ತಕ್ಕೆ ಬಿ, ಎಪ್ಪತ್ತೈದಕ್ಕೆ ಎ, ಎಂಬತ್ತೈದಕ್ಕೆ ಮಾಸ್ಟರ್. ಕೊನೆಯ ಎಂಟು ಸುತ್ತುಗಳಲ್ಲಿ ಒಳ್ಳೆಯ ಆರನ್ನು ಹಿಡಿಯುತ್ತಾರೆ. ಒಮ್ಮೆ ಮೇಲೇರಿದವರನ್ನು ಮತ್ತೆ ಕೆಳಗಿಳಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಎಂಬತ್ತಾರು ಬಂದು ನನ್ನ ಮಾಸ್ಟರ್ ಕಾರ್ಡು ಅಂಚೆಯಲ್ಲಿ ಬಂದಾಗ, ಇಳಿಸುವುದಿಲ್ಲ ಅನ್ನುವುದು ವರ ಅನ್ನಿಸಿತ್ತು.

ನಿನ್ನೆ ಒಬ್ಬ ಗಡ್ಡದವನು ಕಾಫಿ ಕಪ್ಪು ಹಿಡಿದುಕೊಂಡು, "ಕಾಗದದ ಮಾಸ್ಟರ್ ಬಂದ್ರು, ದಾರಿ ಬಿಡ್ರಪ್ಪಾ," ಅಂದ. ಕ್ಲೀತಾ ಅವನನ್ನು ಗದರಿದಳು, ಆದರೆ ನನ್ನ ಮುಖ ನೋಡಲಿಲ್ಲ. ಐದಾರು ತಿಂಗಳಲ್ಲಿ ಒಬ್ಬ ಹೆಂಗಸಿನ ಕೈ ಇಷ್ಟು ಕೆಡುತ್ತದೆಯೇ? ನನ್ನಲ್ಲಿ ಏನು ತಪ್ಪಾಗಿದೆ ಹೇಳು. ನನಗೆ ಹೊಡೆಯಲು ಕಲಿಸಿದವನು ನೀನು, ನಿನಗೆ ಗೊತ್ತಿರುತ್ತದೆ.

ಮಾರ್ವಾ

*

ಹಾರ್ಲನ್ ಕ್ರೀಕ್, ಮಿಸೌರಿ
ಮಾರ್ಚ್ 14, 1996

ತಂಗಿ ಮಾರ್ವಾಳಿಗೆ,

ಕಾಗದ ತಲುಪಿತು. ಒಲೆಯ ಬತ್ತಿ ತೂತಿಗೆ ಸೂಜಿ ಹಾಕಿ ನೋಡು, ಕಸ ಕೂತಿರುತ್ತದೆ.

ಪಿಸ್ತೂಲಿನ ವಿಷಯ. ಸ್ಪ್ರಿಂಗು ಬದಲಾಯಿಸು, ಎರಡು ವರ್ಷವಾಯಿತು. ಅಲ್ಲಿ ಎತ್ತರದ ಊರು, ಚಳಿ, ಬೆರಳು ಮರಗಟ್ಟಿರುತ್ತವೆ. ಹೊಸ ಜನ, ಹೊಸ ಕೆಲಸ, ಮನಸ್ಸು ನಿಂತಿಲ್ಲ. ದೊಡ್ಡ ಪಂದ್ಯಗಳಲ್ಲಿ ನಿನಗೆ ನಡುಕ ಬರುತ್ತಿತ್ತಲ್ಲ, ಅದೇ ಈಗ ಪ್ರತಿ ಭಾನುವಾರ ಬರುತ್ತಿದೆ ಅಷ್ಟೇ. ಬೇಸರ ಮಾಡಿಕೊಳ್ಳಬೇಡ, ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಲ್ಲಿನ ನೆಲವನ್ನೂ ಜನರನ್ನೂ ಬೈಯುವ ಮೊದಲು ದಿನಕ್ಕೆ ಇಪ್ಪತ್ತು ನಿಮಿಷ ಖಾಲಿ ಪಿಸ್ತೂಲಿನಲ್ಲಿ ಗೋಡೆಗೆ ಗುರಿಯಿಟ್ಟು ಅಭ್ಯಾಸ ಮಾಡು.

ಓರ್ವಲ್ ಟಿಬೆಟ್ಸ್ ಮಾಮ ನಿನ್ನನ್ನು ಕೇಳಿದರು. ಎಪ್ಪತ್ತೊಂದರ ವಯಸ್ಸಿನಲ್ಲಿ ಎ ದರ್ಜೆಗೆ ಬಂದರು ನೋಡು. ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿನ ಹುಡುಗಿಗೂ ತೋರಿಸಿದರಂತೆ. ಪಂದ್ಯದ ದಿನ ಅವರ ಹೆಂಡತಿ ಮಾಡಿದ ಕೋಸಿನ ಉಪ್ಪಿನಕಾಯಿ ತಂದು ಎಲ್ಲರಿಗೂ ಬಡಿಸಿದರು.

ರಸ್ತೆ ಇಲಾಖೆಯಲ್ಲಿ ಕೆಲಸ ಹೆಚ್ಚು, ಹಿಮ ಕರಗಿ ಗುಂಡಿ ಬಿದ್ದಿವೆ. ಹುಷಾರು.

ಲೊವೆಲ್

*

ಟೀಟನ್ ಬೆಂಚ್
ಜೂನ್ 9, 1996

ಲೊವೆಲ್,

ಸ್ಪ್ರಿಂಗು ಬದಲಾಯಿಸಿದೆ. ಗೋಡೆಗೆ ಗುರಿಯಿಟ್ಟು ಗೋಡೆಗೇ ಬೇಸರ ಬಂತು. ಮೇ ಕೊನೆಯಲ್ಲಿ ಇಲ್ಲಿನ ಐದು ರಾಜ್ಯಗಳ ಪಂದ್ಯಕ್ಕೆ ಹೋದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ದರ್ಜೆಯವರ ಜೊತೆ ಸೆಣಸಬೇಕು, ನಾನು ಮಾಸ್ಟರುಗಳ ಜೊತೆ. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವಳು. ಹದಿಮೂರನೆಯವನಿಗೆ ಮುಂಗೈ ಮುರಿದು ಪಟ್ಟಿ ಕಟ್ಟಿತ್ತು. ಬಹುಮಾನ ಕೊಡುವಾಗ ನನ್ನ ಹೆಸರಿನ ಮುಂದೆ ಮಾಸ್ಟರ್ ಅಂತ ಓದಿದ್ದಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

ಅದನ್ನು ನುಂಗಿಕೊಂಡು ಮನೆಗೆ ಬಂದರೆ ಓರ್ವಲ್ ಮಾಮನ ಕಾಗದ ಕಾದಿತ್ತು. ನಿಮ್ಮ ಕಡೆಯ ಪಂದ್ಯದ ಫಲಿತಾಂಶದ ಪಟ್ಟಿ ಕಳಿಸಿದ್ದಾರೆ. ಬಿ ದರ್ಜೆಯಲ್ಲಿ ಮೊದಲನೆಯವನು ನೀನು. ಸಂತೋಷ ಅಂತ ಬರೆಯಲು ಕೂತೆ, ಆಮೇಲೆ ಅಂಕ ನೋಡಿದೆ. ನಿನ್ನ ಅಂಕ ಎ ದರ್ಜೆಯ ಅರ್ಧ ಜನಕ್ಕಿಂತ ಮೇಲಿದೆ. ಎರಡನೆಯ ಬಿ ನಿನಗಿಂತ ಎಷ್ಟು ಕೆಳಗಿದ್ದಾನೆ ಅಂದರೆ ಪುಟ ತಿರುಗಿಸಬೇಕು.

ಇಂಥವರಿಗೆ ಮರಳುಮೂಟೆ ಅನ್ನುವುದು ನೀನೇ ಹೇಳಿಕೊಟ್ಟ ಮಾತು. ಮೇಲೇರಬಾರದು ಅಂತ ತಾನೇ ಸೊಂಟಕ್ಕೆ ಮರಳು ಕಟ್ಟಿಕೊಂಡು, ಕೆಳದರ್ಜೆಯಲ್ಲಿ ಕೂತು, ಬಡಪಾಯಿಗಳ ಬಹುಮಾನ ತಿನ್ನುವವರು. ತಿಂಗಳಿಗೊಂದು ದರ್ಜೆ ಸುತ್ತು ನೀನೇ ನಡೆಸುತ್ತೀಯ, ಅಂಕ ನೀನೇ ಅಂಚೆಗೆ ಹಾಕುತ್ತೀಯ. ಅಷ್ಟು ಚೆನ್ನಾಗಿ ಹೊಡೆಯುವವನ ಕಾರ್ಡು ಒಂಬತ್ತು ವರ್ಷದಿಂದ ಬಿಯಲ್ಲೇ ಹೇಗೆ ಉಳಿಯಿತು? ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ನನಗೆ ಇಲ್ಲಿ ಕಾಗದದ ಮಾಸ್ಟರ್ ಅನ್ನುತ್ತಾರೆ. ಅಣ್ಣ ಮರಳುಮೂಟೆ ಅಂತಲೂ ಗೊತ್ತಾದರೆ ಒಂದೇ ಮನೆಯ ಇಬ್ಬರು ಕಳ್ಳರು ಅಂತಾರೆ.

ಆ ಪದಕ ವಾಪಸು ಕೊಡು.

ಮಾರ್ವಾ

*

ಹಾರ್ಲನ್ ಕ್ರೀಕ್
ಜೂನ್ 25, 1996

ಮಾರ್ವಾ,

ನನ್ನ ದರ್ಜೆ ನನ್ನ ವಿಷಯ. ಪಂದ್ಯ ನಡೆಸುವವನಿಗೆ ತಾನು ಹೊಡೆಯಲು ಪುರುಸೊತ್ತು ಸಿಗುವುದಿಲ್ಲ. ಮರಳುಮೂಟೆ ಅಂತ ನನ್ನನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಅಂದಿಲ್ಲ, ಅನ್ನಿಸಿಕೊಳ್ಳುವುದಿದ್ದರೆ ಅದು ನಿನ್ನ ಬಾಯಿಂದ ಬರಬೇಕಾಗಿತ್ತಾ?

ಪದಕ ಬೇಕಾದರೆ ಕಳಿಸುತ್ತೇನೆ, ಇಟ್ಟುಕೊ. ನನಗೂ ಅದನ್ನು ನೋಡಿದರೆ ಆಗುವುದಿಲ್ಲ.

ಲೊವೆಲ್

*

ಟೀಟನ್ ಬೆಂಚ್
ಆಗಸ್ಟ್ 4, 1996

ಲೊವೆಲ್,

ನಿನ್ನ ಕೊನೆಯ ಸಾಲು ನನ್ನನ್ನು ಮಲಗಲು ಬಿಡಲಿಲ್ಲ. ಗೆದ್ದ ಪದಕ ನೋಡಿದರೆ ಯಾಕೆ ಆಗುವುದಿಲ್ಲ?

ಆಮೇಲೆ ಒಂದು ಶನಿವಾರ ಕ್ಲೀತಾಳ ಜೊತೆ ದರ್ಜೆ ಸುತ್ತು ಕಟ್ಟಲು ಹೋದೆ. ಅವಳು ಉಕ್ಕಿನ ಟೇಪು ಹಿಡಿದು ಮಂಡಿಯೂರಿ ಒಂದೊಂದು ಕಂಬವನ್ನೂ ಅಳೆಯುತ್ತಾಳೆ, ಒಂದು ಅಂಗುಲ ಆಚೀಚೆ ಆದರೂ ಕೀಳಿಸುತ್ತಾಳೆ. ಇಪ್ಪತ್ತೈದು ಗಜದಲ್ಲಿ ಹಲಗೆ ನೆಟ್ಟು ನಿಲ್ಲುವ ಚೌಕಕ್ಕೆ ಬಂದೆ. ಹಲಗೆ ಅಷ್ಟು ಚಿಕ್ಕದಾಗಿ ನಾನು ಊರಿನಲ್ಲಿ ಯಾವತ್ತೂ ನೋಡಿರಲಿಲ್ಲ. ಊರಿನಲ್ಲಿ ಇದೇ ಸುತ್ತನ್ನು ನಾಲ್ಕು ಸಲ ಹೊಡೆದಿದ್ದೇನೆ.

ಓರ್ವಲ್ ಮಾಮನಿಗೆ ಬರೆದೆ. ಇಲ್ಲಿ ಅಲ್ಲಿಯ ಹಾಗೇ ಕಟ್ಟಬೇಕು, ನೀವು ಅಳೆದು ಕಳಿಸಿ ಅಂತ ಸುಳ್ಳು ಹೇಳಿದೆ. ಪಾಪ, ಜುಲೈ ಪಂದ್ಯದ ದಿನ ಎಲ್ಲರೂ ತಿಂಡಿಗೆ ಹೋದಾಗ ಎರಡೆರಡು ಸಲ ಅಳೆದಿದ್ದಾರೆ. ದೂರದ ಹಲಗೆ ಹದಿನೇಳು ಗಜ. ನಡುವಿನದು ಹತ್ತು. ಹತ್ತಿರದ್ದು ಏಳಕ್ಕೆ ಸ್ವಲ್ಪ ಕಡಿಮೆ. ಕ್ಲೀತಾಳ ಕಡತದಲ್ಲಿ ಅದೇ ಸುತ್ತಿನ ನಕ್ಷೆ ತೆಗೆದು ನೋಡಿದೆ. ಇಪ್ಪತ್ತೈದು, ಹದಿನೈದು, ಹತ್ತು.

ಕೈತಪ್ಪಿನಿಂದ ಆಯಿತು ಅಂತ ಬರೆಯಬೇಡ. ನೀನು ಮೂವತ್ತು ವರ್ಷ ರಸ್ತೆ ಇಲಾಖೆಯಲ್ಲಿ ಅಳತೆ ಹಿಡಿದವನು. ಹಿಂದೆ ಬೇಲಿ ಬಂದು ಜಾಗ ಸಾಲದೆ ಹೋಗಿದ್ದರೆ ದೂರದ ಹಲಗೆ ಮಾತ್ರ ಮುಂದೆ ಬರಬೇಕಿತ್ತು. ಹತ್ತಿರದ್ದು ಯಾಕೆ ಬಂತು? ಎಲ್ಲವೂ ಮೂರರಲ್ಲಿ ಒಂದು ಪಾಲು ಕಡಿಮೆ. ನೋಡಿದವರಿಗೆ ಆಕಾರ ಸರಿಯಾಗಿ ಕಾಣಲಿ ಅಂತ ನಕ್ಷೆಯನ್ನೇ ಕುಗ್ಗಿಸಿದ್ದೀಯ.

ಮಾಮ ಇನ್ನೊಂದು ಮಾತು ಬರೆದಿದ್ದಾರೆ, ನಿನ್ನನ್ನು ಹೊಗಳಿ. "ನಿಮ್ಮಣ್ಣ ದೊಡ್ಡ ಮನಸ್ಸಿನವ್ನಮ್ಮ. ದರ್ಜೆ ಸುತ್ತಲ್ಲಿ ತನ್ನ ಅಂಕದ ಚೀಟಿ ಯಾವತ್ತೂ ಕಳ್ಸೋದಿಲ್ಲ, ಹರಿದು ಒಲೆಗೆ ಹಾಕ್ತಾನೆ. ನಂದೆಲ್ಲ ಏನ್ ಬಿಡಿ ಅಂತಾನೆ."

ನಿನ್ನದನ್ನು ಹರಿದೆ. ನನ್ನದನ್ನು ಕಳಿಸಿದೆ. ಯಾಕೆ ಅಂತ ಬರಿ.

ಮಾರ್ವಾ

*

ಹಾರ್ಲನ್ ಕ್ರೀಕ್
ಆಗಸ್ಟ್ 19, 1996

ಮಾರ್ವಾ,

ಬರೆಯುತ್ತೇನೆ. ಮೂರು ಸಲ ಬರೆದು ಹರಿದಾಯಿತು, ಇದು ನಾಲ್ಕನೆಯದು.

ತೊಂಬತ್ತರ ವಸಂತದಲ್ಲಿ ಜಮೀನಿನ ಯಜಮಾನ ದನಗಳಿಗೆ ಅಂತ ಬೇಲಿ ಎಳೆದ. ನಮ್ಮ ಹಿಂದಿನ ಎಂಟು ಗಜ ಹೋಯಿತು. ಆ ತಿಂಗಳ ಸುತ್ತಿಗೆ ಇಪ್ಪತ್ತೈದು ಗಜ ಬೇಕಿತ್ತು, ಇದ್ದದ್ದು ಹದಿನೇಳು. ಸುತ್ತನ್ನು ಬಿಡಬೇಕಿತ್ತು. ಇದೊಂದು ತಿಂಗಳು ಅಂತ ಕಟ್ಟಿದೆ. ಆಕಾರ ಕೆಟ್ಟು ಕಂಡರೆ ಜನ ಕೇಳುತ್ತಾರೆ ಅಂತ ಎಲ್ಲವನ್ನೂ ಅದೇ ಪ್ರಮಾಣಕ್ಕೆ ಇಳಿಸಿದೆ. ಅಂಕ ಕಳಿಸುವುದಿಲ್ಲ, ಸುಮ್ಮನೆ ಹೊಡೆಯಲಿ ಅಂದುಕೊಂಡಿದ್ದೆ.

ಆ ದಿನ ನೀನು ಬಂದೆ. ಡ್ವೇನ್ ನಿನ್ನನ್ನು ಬಿಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ನೀನು ತಲೆ ಬಾಚುತ್ತಿರಲಿಲ್ಲ, ಊಟಕ್ಕೆ ಕರೆದರೆ ತಟ್ಟೆ ನೋಡುತ್ತಾ ಕೂತಿರುತ್ತಿದ್ದೆ. ನಿನಗೆ ಆ ದಿನ ಅರವತ್ತನಾಲ್ಕು ಬಂತು. ಚೀಟಿಗೆ ಸಹಿ ಹಾಕುವಾಗ ನೀನು ನಕ್ಕೆ. ಓರ್ವಲ್ ಮಾಮನ ಹತ್ತಿರ ಎರಡು ತಟ್ಟೆ ಬಿಸಿ ಬಿಸ್ಕತ್ತು ಬನ್ನು, ಮೇಲೆ ಗ್ರೇವಿ ಹಾಕಿಸಿಕೊಂಡು ತಿಂದೆ. ನಾನು ಚೀಟಿಗಳನ್ನು ಅಂಚೆಗೆ ಹಾಕಿದೆ.

ಮುಂದಿನ ತಿಂಗಳು ಸರಿ ಮಾಡಬೇಕು ಅಂತಿದ್ದೆ. ಸರಿ ಮಾಡಿದರೆ ನಿನಗೆ ನಲವತ್ತು ಬರುತ್ತಿತ್ತು. ಮಾಡಲಿಲ್ಲ. ಆರು ವರ್ಷ ಹೀಗೇ ಹೋಯಿತು. ಸುಳ್ಳು ಅಂಕದಿಂದ ನಾನು ಮೇಲೆ ಹೋಗಬಾರದು ಅಂತ ನನ್ನ ಚೀಟಿ ಹರಿಯುತ್ತಿದ್ದೆ. ಅದರಿಂದ ಬಿಯಲ್ಲೇ ಉಳಿದು ಬೇರೆಯವರ ಪದಕ ಹೊಡೆದೆ. ನೀನು ಬರೆದದ್ದು ನಿಜ, ನಾನು ಮರಳುಮೂಟೆಯೇ. ನಿನ್ನ ಒಳ್ಳೆಯದಕ್ಕೆ ಮಾಡಿದೆ, ಅದಷ್ಟು ನಂಬು.

ಲೊವೆಲ್

*

ಟೀಟನ್ ಬೆಂಚ್
ಆಗಸ್ಟ್ 27, 1996

ಲೊವೆಲ್,

ನಂಬಿದೆ. ಅದಕ್ಕೇ ಸಿಟ್ಟು ಇಮ್ಮಡಿಯಾಗಿದೆ.

ಸತ್ಯವನ್ನು ನಿನಗಿಟ್ಟುಕೊಂಡೆ, ಸುಳ್ಳನ್ನು ನನಗೆ ಕೊಟ್ಟೆ. ನಿನ್ನ ಹೆಸರಿಗೆ ಕಲೆ ತಾಗಬಾರದು ಅಂತ ನಿನ್ನ ಚೀಟಿ ಒಲೆಗೆ ಹೋಯಿತು. ನನ್ನ ಹೆಸರಿಗೆ ತಾಗಿದರೆ ಪರವಾಗಿಲ್ಲ, ಯಾಕೆಂದರೆ ಅವಳು ಗಂಡ ಬಿಟ್ಟವಳು, ಊಟ ಮಾಡದವಳು, ಅವಳಿಗೆ ಗೊಂಬೆ ಕೊಟ್ಟು ಸುಮ್ಮನಿರಿಸಬೇಕು. ನಲವತ್ತು ಬಂದಿದ್ದರೆ ನಾನು ಸಾಯುತ್ತಿದ್ದೆನಾ? ನಲವತ್ತು ಬಂದವರು ದೇಶದಲ್ಲಿ ಸಾವಿರಾರು ಜನ ಇದ್ದಾರೆ, ಅವರೂ ಬಿಸ್ಕತ್ತು ತಿನ್ನುತ್ತಾರೆ.

ಮಾರ್ಚಿನಲ್ಲಿ ನಾನು ಅತ್ತುಕೊಂಡು ಬರೆದೆ, ನನ್ನಲ್ಲಿ ಏನು ತಪ್ಪು ಅಂತ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸ್ಪ್ರಿಂಗು ಅಂದೆ, ಚಳಿ ಅಂದೆ, ನಡುಕ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಬೇರೆ. ನೆಲ ಡೊಂಕು ಮಾಡಿದವನೇ ಅದನ್ನು ಬರೆದದ್ದು. ಆ ಕಾಗದ ನನ್ನ ಹತ್ತಿರ ಇದೆ, ಮತ್ತೆ ಮತ್ತೆ ಓದುತ್ತೇನೆ, ಸಿಟ್ಟು ಆರಬಾರದಲ್ಲ.

ಈಗ ನನಗೆ ಬೇಕಾದದ್ದು ಒಂದೇ. ನಾನು ನಿಜವಾಗಿ ಯಾವ ದರ್ಜೆ ಅಂತ ನನಗೆ ಗೊತ್ತಾಗಬೇಕು, ಅದೇ ನನ್ನ ಕಾರ್ಡಿನಲ್ಲಿ ಇರಬೇಕು. ಈ ಮಾಸ್ಟರ್ ಅನ್ನುವ ಹಣೆಪಟ್ಟಿ ತಾನಾಗಿ ಇಳಿಯುವುದಿಲ್ಲ, ಸಾಯುವವರೆಗೆ ಹದಿನಾಲ್ಕರಲ್ಲಿ ಹದಿನಾಲ್ಕನೆಯವಳಾಗಿ ನಿಂತು ನಗಿಸಿಕೊಳ್ಳಬೇಕು. ದರ್ಜೆ ಕೊಡುವ ಸಂಘದ ಕಚೇರಿಗೆ ಬರಿ. ತೊಂಬತ್ತರಿಂದ ಕಳಿಸಿದ ದರ್ಜೆ ಅಂಕಗಳೆಲ್ಲ ತಪ್ಪು ದೂರದಲ್ಲಿ ಹೊಡೆದದ್ದು, ರದ್ದು ಮಾಡಿ ಅಂತ ಬರೆದು ಸಹಿ ಹಾಕು.

ಮಾರ್ವಾ

*

ಹಾರ್ಲನ್ ಕ್ರೀಕ್
ಸೆಪ್ಟೆಂಬರ್ 10, 1996

ಮಾರ್ವಾ,

ಆಗುವುದಿಲ್ಲ.

ನಿನ್ನೊಬ್ಬಳದೇ ಅಲ್ಲ, ಕ್ಲಬ್ಬಿನ ಮೂವತ್ತೆಂಟು ಜನರ ದರ್ಜೆ ಹೋಗುತ್ತದೆ. ಓರ್ವಲ್ ಮಾಮನ ಎದುರು ನಿಂತು ಆ ಕಾರ್ಡು ಕೊಡಿ ಅಂತ ಕೇಳಲು ನಿನಗೆ ಸುಲಭ, ನೀನು ಸಾವಿರ ಮೈಲಿ ಆಚೆ ಇದ್ದೀಯ. ಕಳೆದ ವಾರ ಅವರ ಹೆಂಡತಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯಲ್ಲಿ ಕೂತು ಪಕ್ಕದ ಮಂಚದವರಿಗೆ ಕಾರ್ಡು ತೋರಿಸುತ್ತಿದ್ದರು. ಅದನ್ನು ಕಿತ್ತುಕೊಂಡು ನಿನಗೇನು ಸಿಗುತ್ತದೆ?

ನನಗೂ ಸಿಟ್ಟು ಬರುತ್ತದೆ. ಎಂಟು ಗಜ ಹತ್ತಿರ ಇದ್ದರೂ ಗುಂಡು ಹಾರಿಸಿದವಳು ನೀನೇ. ಆರು ವರ್ಷ ನಿನ್ನ ಹೊಟ್ಟೆಗೆ ಅನ್ನ ಸೇರಿತು, ನಿನಗೆ ಕೆಲಸ ಹುಡುಕಿ ಊರು ಬಿಡುವಷ್ಟು ಧೈರ್ಯ ಬಂತು. ಅದು ಎಲ್ಲಿಂದ ಬಂತು ಅಂದುಕೊಂಡೆ? ಮಾಸ್ಟರ್ ಅನ್ನಿಸಿಕೊಂಡ ಮೇಲೆ ಬಂತು. ಉಪಕಾರ ಮಾಡಿದವನ ಕೊರಳಿಗೇ ಕೈ ಹಾಕುತ್ತಿದ್ದೀಯ.

ಅಲ್ಲಿ ಯಾರೋ ಗಡ್ಡದವನು ಏನೋ ಅಂದ ಅಂತ ಇಲ್ಲಿ ಮನೆ ಸುಡಬೇಡ.

ಲೊವೆಲ್

*

ಟೀಟನ್ ಬೆಂಚ್
ನವೆಂಬರ್ 2, 1996

ಲೊವೆಲ್,

ಸಂಘದ ಕಚೇರಿಗೆ ನಾನೇ ಬರೆದಿದ್ದೆ. ನಿನ್ನ ಹೆಸರು ಹೇಳದೆ, ನನ್ನ ಅಂಕಗಳನ್ನಷ್ಟೇ ರದ್ದು ಮಾಡಿ ಅಂತ. ಉತ್ತರ ಬಂತು. ಸದಸ್ಯರು ತಾವಾಗಿ ಕೆಳಗಿನ ದರ್ಜೆ ಕೇಳಿದರೆ ಕೊಡುವುದಿಲ್ಲವಂತೆ, ಮರಳುಮೂಟೆಗಳು ಹಾಗೇ ಕೇಳುತ್ತಾರಂತೆ. ಪಂದ್ಯ ನಡೆಸಿದವರು ಸಹಿ ಹಾಕಿ ತಪ್ಪೊಪ್ಪಿಕೊಂಡರೆ ಮಾತ್ರ ನೋಡುತ್ತಾರಂತೆ.

ಧೈರ್ಯ ಕೊಟ್ಟೆ ಅಂದೆಯಲ್ಲ. ಊರು ಬಿಟ್ಟು ಬಂದ ಧೈರ್ಯ ನನ್ನದು, ಅದನ್ನೂ ನಿನ್ನ ಹೆಸರಿಗೆ ಬರೆದುಕೊಳ್ಳಬೇಡ.

ಸಹಿ ಹಾಕುವವರೆಗೆ ನನಗೆ ಕಾಗದ ಬರೆಯಬೇಡ. ಕ್ರಿಸ್‌ಮಸ್ ಕಾರ್ಡೂ ಬೇಡ.

ಮಾರ್ವಾ

*

ಹಾರ್ಲನ್ ಕ್ರೀಕ್
ಫೆಬ್ರುವರಿ 16, 1997

ಮಾರ್ವಾ,

ಸಹಿ ಹಾಕಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಕಲು ಇದರ ಜೊತೆಗಿದೆ.

ಹಾಕಿಸಿದವಳು ನೀನಲ್ಲ. ಜನವರಿ ಪಂದ್ಯಕ್ಕೆ ಹೊಸಬನೊಬ್ಬ ಬಂದ, ಪಕ್ಕದ ಜಿಲ್ಲೆಯ ವೆಲ್ಡರು, ಎಂಟು ತಿಂಗಳಿಂದ ಹೊಡೆಯುತ್ತಿದ್ದಾನೆ. ನಮ್ಮಲ್ಲಿ ಮೊದಲ ಸಲ ದರ್ಜೆ ಸುತ್ತು ಹೊಡೆದು ಎಪ್ಪತ್ತೆಂಟು ಬಂತು. ಮನೆಗೆ ಫೋನು ಮಾಡಿ ಹೆಂಡತಿಗೆ ಹೇಳಿದ. ವಾಪಸು ಬಂದು ನನ್ನ ಕೈ ಕುಲುಕಿದ. ಅವನಿಗೆ ನಿನ್ನ ಗತಿ ಬರುತ್ತದೆ ಅಂತ ಅಲ್ಲಿ ನಿಂತೇ ಗೊತ್ತಾಯಿತು. ಅವನ ಚೀಟಿ ನನ್ನ ಜೇಬಿನಲ್ಲಿ ಹನ್ನೆರಡು ದಿನ ಇತ್ತು. ಅಂಚೆಗೆ ಹಾಕಲು ಆಗಲಿಲ್ಲ, ಹರಿಯಲೂ ಆಗಲಿಲ್ಲ.

ಕಚೇರಿಗೆ ಬರೆಯುವ ಮೊದಲು ಊರಿನವರಿಗೆ ಹೇಳಬೇಕಿತ್ತು. ಈ ತಿಂಗಳ ಪಂದ್ಯದ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಾಗ ಎದ್ದು ನಿಂತು ಹೇಳಿದೆ. ಬೇಲಿ ಬಂದದ್ದು, ಹದಿನೇಳು ಗಜ, ಆರು ವರ್ಷ. ನಿನ್ನ ಮಾತು ಎತ್ತಲಿಲ್ಲ. ಕೆಲವರು ಬೈದರು, ಇಬ್ಬರು ಎದ್ದು ಗಾಡಿ ಹತ್ತಿ ಹೋದರು. ಅದೆಲ್ಲ ತಡೆದುಕೊಂಡೆ. ಓರ್ವಲ್ ಮಾಮ ತಿನ್ನುವುದು ನಿಲ್ಲಿಸಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎಲ್ಲರ ಎದುರು ಹೇಳಿದರು.

"ಲೊವೆಲ್, ಮೂವತ್ನಾಲ್ಕು ವರ್ಷ ಊರಿನ ಮಕ್ಕಳನ್ನ ಶಾಲೆ ಬಸ್ಸಲ್ಲಿ ಕೂರಿಸ್ಕೊಂಡು ಓಡಿಸ್ದೋನು ನಾನು. ನನ್ನನ್ನೇ ಮಗು ಥರ ಕೂರಿಸ್ಬಿಟ್ಯಲ್ಲಪ್ಪ."

ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಹೋದರು. ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ, ಒಳಗೆ ಟೀವಿ ಓಡುತ್ತಿತ್ತು.

ಕಚೇರಿಯವರು ಅಂಕಗಳನ್ನು ರದ್ದು ಮಾಡುತ್ತಾರೆ. ನಾನಿನ್ನು ಪಂದ್ಯ ನಡೆಸುವ ಹಾಗಿಲ್ಲ. ಇಪ್ಪತ್ತು ವರ್ಷದ ಕ್ಲಬ್ಬು, ಮುಂದಿನ ತಿಂಗಳು ಯಾರು ಬರುತ್ತಾರೋ ಗೊತ್ತಿಲ್ಲ. ನೀನು ಕೇಳಿದ್ದು ಆಯಿತು. ಈಗಲಾದರೂ ಸಮಾಧಾನ ಆಯಿತು ಅಂತ ಒಂದು ಸಾಲು ಬರಿ.

ಲೊವೆಲ್

*

ಟೀಟನ್ ಬೆಂಚ್
ಮೇ 4, 1997

ಅಣ್ಣ,

ಸಮಾಧಾನ ಆಗಿಲ್ಲ. ಆಗದೆ ಆಯಿತು ಅಂತ ಬರೆದರೆ ನಾನೂ ನಿನ್ನ ಹಾಗೇ ಚೀಟಿ ತಿದ್ದಿದ ಹಾಗಾಗುತ್ತದೆ. ಅದಕ್ಕೇ ಉತ್ತರಕ್ಕೆ ಇಷ್ಟು ತಿಂಗಳು ಹಿಡಿಯಿತು.

ಓರ್ವಲ್ ಮಾಮ ನನಗೆ ಬರೆದಿದ್ದಾರೆ. ಪಿಸ್ತೂಲು ಮಾರಿಬಿಟ್ಟರಂತೆ. ನಿನ್ನ ಮೇಲೆ ಎಷ್ಟು ಕೋಪವೋ ನನ್ನ ಮೇಲೂ ಅಷ್ಟೇ ಇದೆ. "ಯಾಕೆ ಅಂತ ಹೇಳದೆ ನನ್ನ ಕೈಯಲ್ಲೇ ಅಳತೆ ಮಾಡಿಸಿದೆಯಲ್ಲಮ್ಮ, ಹೇಳಿದ್ದರೆ ನಾನೇ ಅಳೆದು ನಾನೇ ಕಾರ್ಡು ಹಿಂದಿರುಗಿಸುತ್ತಿದ್ದೆ," ಅಂತ ಬರೆದಿದ್ದಾರೆ. ಓದಿ ತಲೆ ತಗ್ಗಿಸಿ ಕೂತೆ. ನೊಂದುಕೊಳ್ಳುತ್ತಾರೆ ಅಂತಲೇ ಅವರಿಂದ ಮುಚ್ಚಿಟ್ಟದ್ದು. ಅಲ್ಲಿ ನಾನೂ ನಿನ್ನ ತಂಗಿಯೇ. ಅವರ ಕ್ಷಮೆ ಕೇಳಿ ಬರೆದೆ, ಉತ್ತರ ಬಂದಿಲ್ಲ.

ಕಚೇರಿಯಿಂದ ನನ್ನ ಹೊಸ ಕಾರ್ಡು ಬಂತು. ಊರಿನ ಅಂಕಗಳನ್ನೆಲ್ಲ ತೆಗೆದುಹಾಕಿ, ಇಲ್ಲಿ ಹೊಡೆದ ಕೊನೆಯ ಎಂಟರಲ್ಲಿ ಒಳ್ಳೆಯ ಆರನ್ನು ಹಿಡಿದಿದ್ದಾರೆ. ಐವತ್ತೊಂಬತ್ತು ಬಿಂದು ಏಳು. ಅರವತ್ತಕ್ಕೆ ಮುಟ್ಟಲಿಲ್ಲ, ಸಿ ದರ್ಜೆ. ಕ್ಲೀತಾ ಅದನ್ನು ಓದಿ, ಈ ಸಲ ನನ್ನ ಮುಖ ನೋಡಿ, ಹೆಸರು ಬರೆದುಕೊಂಡಳು. ಗಡ್ಡದವನೂ ಸಿ. ನಾವಿಬ್ಬರೂ ಒಂದೇ ಸಾಲಿನಲ್ಲಿ ನಿಂತು ಹೊಡೆದೆವು, ಅವನು ನನಗಿಂತ ಚೆನ್ನಾಗಿ ಹೊಡೆದ, ಹೇಗೆ ಹೊಡೆದೆ ಅಂತ ಕೇಳಿದೆ, ತೋರಿಸಿದ. ನನ್ನ ಎಡಗೈ ಹಿಡಿತ ಮೊದಲಿನಿಂದಲೂ ತಪ್ಪಿತ್ತಂತೆ. ಹದಿನೇಳು ಗಜದಲ್ಲಿ ಆ ತಪ್ಪು ಕಾಣುವುದಿಲ್ಲ, ಇಪ್ಪತ್ತೈದರಲ್ಲಿ ಕಾಣುತ್ತದೆ.

ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ. ನೀನು ನನಗೆ ಕೊಟ್ಟದ್ದು ಮಾಸ್ಟರ್ ಕಾರ್ಡು ಅಂತ ನೀನು ತಿಳಿದಿದ್ದೀಯ, ನಾನೂ ಹಾಗೇ ತಿಳಿದಿದ್ದೆ. ಸುಳ್ಳು ಕಾರ್ಡು ಹೋದದ್ದಕ್ಕೆ ನನಗೆ ದುಃಖ ಇಲ್ಲ. ತೊಂಬತ್ತರಲ್ಲಿ ನನಗೆ ನಿಜವಾದ ನಲವತ್ತು ಬಂದಿದ್ದರೆ, ಆ ಎಡಗೈಯನ್ನು ಮುಂದಿನ ತಿಂಗಳೇ ಯಾರಾದರೂ ತಿದ್ದುತ್ತಿದ್ದರು. ಆರು ವರ್ಷ ಕಲಿಯುತ್ತಿದ್ದೆ. ಆರು ವರ್ಷ ಕಲಿತಿದ್ದರೆ ಎಲ್ಲಿರುತ್ತಿದ್ದೆನೋ, ಯಾವ ಕಚೇರಿಯೂ ಹೇಳಲಾರದು. ಎಯೋ, ಬಿಯೋ, ಯಾರಿಗೆ ಗೊತ್ತು, ಮಾಸ್ಟರೇ ಆಗಿರುತ್ತಿದ್ದೆನೋ. ನೀನು ತಿಂದದ್ದು ಅದು. ಅದನ್ನು ಯಾವ ಸಹಿಯೂ ವಾಪಸು ಕೊಡುವುದಿಲ್ಲ.

ನನಗೆ ಈಗ ನಲವತ್ತಾರು ವರ್ಷ. ಮುಂದಿನ ಭಾನುವಾರ ದರ್ಜೆ ಸುತ್ತು ಇದೆ, ಎಡಗೈ ಇನ್ನೂ ಹಿಂದಕ್ಕೆ ಜಾರುತ್ತದೆ, ಹೋಗಿ ಹೊಡೆಯುತ್ತೇನೆ.

ಮಾರ್ವಾ
ಸಿ ದರ್ಜೆ